ಸಾದಾತ್ ಎರಡು ಸಲವೂ ಹೇಳಿಯೇ ಬಂದಿದ್ದರು

2023ರ ಅಕ್ಟೋಬರ್ 7, ಶನಿವಾರ. ಬೆಳಿಗ್ಗೆ ಒಂಬತ್ತೂವರೆ ದಾಟಿತ್ತು. ಇಸ್ರೇಲಿನಲ್ಲಿ ಹೋಮ್ ನರ್ಸ್ ಆಗಿರುವ ನಮ್ಮ ದೊಡ್ಡಮ್ಮನ ಮಗಳು ಫೋನ್ ಮಾಡಿದಳು. ಟೆಲ್ ಅವೀವ್ ಹತ್ತಿರದ ಒಂದು ಊರು, ಹಳೇ ಕಟ್ಟಡ, ಮನೆಯೊಳಗೆ ಸುರಕ್ಷಿತ ಕೋಣೆ ಇಲ್ಲ. ತಾನು ನೋಡಿಕೊಳ್ಳುವ ಅಜ್ಜಿಯನ್ನು ವ್ಹೀಲ್‌ಚೇರ್ ಸಮೇತ ಮೆಟ್ಟಿಲ ಬಳಿಗೆ ತಂದು, ಮಾತ್ರೆ ಡಬ್ಬಿ ಮಡಿಲಲ್ಲಿಟ್ಟುಕೊಂಡು, ಸೈರನ್ ಯಾವಾಗ ನಿಲ್ಲುತ್ತದೋ ಅಂತ ಕೂತಿದ್ದಳು. "ಹೆದರಬೇಡ ಮಾರಾಯ, ಅಮ್ಮನಿಗೆ ಮಾತ್ರ ಹೇಳಬೇಡ" ಅಂದಳು. ಹಿಂದಿನಿಂದ ಅಜ್ಜಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಏನಂತೆ ಅಂತ ಕೇಳಿದೆ. "ಎಪ್ಪತ್ಮೂರರ ಹಾಗೇ ಆಯ್ತು ಅಂತಿದ್ದಾರೆ" ಅಂದಳು.

ಗಾಜಾದ ಹಮಾಸ್ ಸಂಘಟನೆ ಇಸ್ರೇಲಿನ ಮೇಲೆ ದಾಳಿ ಮಾಡಿದ ದಿನ ಅದು. ಕರಾವಳಿಯ ಎಷ್ಟೋ ಮನೆಗಳಿಗೆ ಅವತ್ತು ಇಂಥ ಫೋನ್ ಬಂದಿತ್ತು. ಅಕ್ಕ ಕ್ಷೇಮವಾಗಿದ್ದಾಳೆ, ಇವತ್ತಿಗೂ ಅಲ್ಲೇ ಕೆಲಸದಲ್ಲಿದ್ದಾಳೆ. ಆದರೆ ಆ ಅಜ್ಜಿಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ, ಈಜಿಪ್ಟ್ ಮತ್ತು ಸಿರಿಯಾ ಕೂಡಿ ಇಸ್ರೇಲಿನ ಮೇಲೆ ಬಿದ್ದ 1973ರ ಯುದ್ಧದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಓದಿದ್ದನ್ನು ಒಂದು ಕಡೆ ಬರೆದಿಡಬೇಕು ಅನ್ನಿಸಿದೆ. ಉದ್ದವಾಗುತ್ತದೆ, ಬಿಡುವಿದ್ದಾಗ ಓದಿ.

ಗುಪ್ತಚರ ವೈಫಲ್ಯ ಅಂದ ತಕ್ಷಣ ನಾವೆಲ್ಲ ಅಂದುಕೊಳ್ಳುವುದು ಪಾಪ, ಅವರಿಗೆ ಗೊತ್ತಾಗಲಿಲ್ಲ ಅಂತ. 1973ರಲ್ಲಿ ಇಸ್ರೇಲಿಗೆ ಗೊತ್ತಾಗದೆ ಉಳಿದದ್ದು ಬಹಳ ಕಡಿಮೆ. ಈಜಿಪ್ಟ್ ಅಧ್ಯಕ್ಷ ಗಮಾಲ್ ನಾಸರ್ ಅವರ ಸ್ವಂತ ಅಳಿಯ ಅಶ್ರಫ್ ಮರ್ವಾನ್ ಇಸ್ರೇಲಿನ ಗೂಢಚಾರ ಸಂಸ್ಥೆ ಮೊಸ್ಸಾದ್‌ಗೆ ಸುದ್ದಿ ಕೊಡುತ್ತಿದ್ದ. ಮಾವ ತೀರಿಕೊಂಡ ಮೇಲೆ ಹೊಸ ಅಧ್ಯಕ್ಷ ಅನ್ವರ್ ಸಾದಾತ್ ಅವರ ಕಚೇರಿಯಲ್ಲೇ ಆತ ಇದ್ದ. ಯಾವ ದೇಶಕ್ಕೆ ಸಿಗುತ್ತದೆ ಇಂಥ ಕಿವಿ?

ಆ ಕಿವಿಯಿಂದಲೇ ತೊಂದರೆ ಶುರುವಾಯಿತು ಅನ್ನುವುದು ನನಗೆ ಬಹಳ ತಡವಾಗಿ ಅರ್ಥವಾಯಿತು. ಇಸ್ರೇಲಿನ ವಾಯುನೆಲೆಗಳವರೆಗೆ ಹೋಗಿ ಬಾಂಬು ಹಾಕಬಲ್ಲ ವಿಮಾನಗಳೂ ಸ್ಕಡ್ ಕ್ಷಿಪಣಿಗಳೂ ಸಿಗುವ ತನಕ ಈಜಿಪ್ಟ್ ಯುದ್ಧಕ್ಕಿಳಿಯುವುದಿಲ್ಲ ಅಂತ ಮರ್ವಾನ್ ಕೊಟ್ಟ ದಾಖಲೆಗಳು ಹೇಳುತ್ತಿದ್ದವು. ಈಜಿಪ್ಟ್ ಇಲ್ಲದೆ ಸಿರಿಯಾ ಒಂದೇ ಬರುವುದಿಲ್ಲ. ಈ ಎರಡು ಮಾತು ಸೇರಿ ಸೇನಾ ಗುಪ್ತಚರ ವಿಭಾಗವಾದ ಅಮಾನ್‌ನಲ್ಲಿ ವೇದವಾಕ್ಯವಾಯಿತು. 'ಕಾನ್ಸೆಪ್ಸಿಯಾ' ಅಂತ ಅದಕ್ಕೆ ಹೆಸರೇ ಬಿತ್ತು. ಹೇಳಿದಾಗ ಅದು ನಿಜವೇ ಆಗಿತ್ತು, ಸುಳ್ಳು ಸುದ್ದಿಯಲ್ಲ. ಆದರೆ 1972ರ ಅಕ್ಟೋಬರಿನಲ್ಲಿ ಸಾದಾತ್ ತಮ್ಮ ಸೇನಾಧಿಕಾರಿಗಳನ್ನು ಕೂರಿಸಿಕೊಂಡು, ಇದ್ದುದರಲ್ಲೇ ಯುದ್ಧ ಮಾಡೋಣ, ಸುಯೆಜ್ ಕಾಲುವೆ ದಾಟಿ ಒಂದಿಷ್ಟು ನೆಲ ಹಿಡಿದರೂ ಸಾಕು ಅಂದರು. ಒಪ್ಪದ ಯುದ್ಧಮಂತ್ರಿಯನ್ನು ಮನೆಗೆ ಕಳಿಸಿದರು. ಸಾದಾತ್ ಮನಸ್ಸು ಬದಲಾಯಿಸಿದರು, ಅಮಾನ್ ಬದಲಾಯಿಸಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮಾತಿಗೆ ಇದಕ್ಕಿಂತ ದುಬಾರಿಯಾದ ಉದಾಹರಣೆ ನನಗೆ ಗೊತ್ತಿಲ್ಲ.

1967ರ ಆರು ದಿನಗಳ ಗೆಲುವಿನ ಅಮಲು ಬೇರೆ. ಸಿನಾಯ್, ಗಾಜಾ, ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್, ಗೋಲಾನ್ ಎಲ್ಲವೂ ಆರೇ ದಿನದಲ್ಲಿ ಕೈಗೆ ಬಂದಿದ್ದವು. ಎದುರಿನವನು ಕಾಲುವೆ ದಾಟುವ ಧೈರ್ಯ ಮಾಡಿಯಾನೇ ಅನ್ನುವ ಭಾವ ಮೇಲಿಂದ ಕೆಳತನಕ ಇಳಿದಿತ್ತು. ಸಾದಾತ್ ಕೂಡ 1971 ನಿರ್ಣಾಯಕ ವರ್ಷ ಅಂತ ಸಾರಿ, ಆ ವರ್ಷ ಏನೂ ಆಗದೆ ಕಳೆದು, ಎಲ್ಲರ ನಗೆಗೀಡಾಗಿದ್ದರು. ಹುಲಿ ಬಂತು ಹುಲಿ ಅಂತ ಕೂಗುವ ಹುಡುಗನ ಲೆಕ್ಕಕ್ಕೆ ಅವರನ್ನು ಸೇರಿಸಿದ್ದರು. 1973ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಒಂದು ವಾರಪತ್ರಿಕೆಗೆ ಸಂದರ್ಶನ ಕೊಟ್ಟು, ಯುದ್ಧ ಇನ್ನು ತಪ್ಪಿದ್ದಲ್ಲ, ದೇಶವನ್ನು ಅದಕ್ಕೇ ಸಜ್ಜುಮಾಡುತ್ತಿದ್ದೇವೆ ಅಂತ ಅಚ್ಚಿಗೆ ಹೋಗುವಂತೆ ಹೇಳಿದರು. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಮೇ ತಿಂಗಳಲ್ಲಿ ಇಸ್ರೇಲಿ ಸೇನೆ ಎಚ್ಚರಿಕೆಯ ಸ್ಥಿತಿಗೆ ಹೋಯಿತು. ಅಮಾನ್ ಮುಖ್ಯಸ್ಥ ಎಲಿ ಝೈರಾ ಯುದ್ಧ ಆಗುವುದಿಲ್ಲ ಅಂದರು, ಆಗಲಿಲ್ಲ. ಒಂದು ಸಲ ಹೇಳಿದ್ದು ಸರಿಯಾಗಿಬಿಟ್ಟಿದ್ದೇ ಅವರಿಗೂ ದೇಶಕ್ಕೂ ಮುಳುವಾಯಿತು ಅಂತ ನನಗನ್ನಿಸುತ್ತದೆ.

ಸೆಪ್ಟೆಂಬರ್ 25ರಂದು ಜೋರ್ಡಾನಿನ ದೊರೆ ಹುಸೇನ್ ಗುಟ್ಟಾಗಿ ಟೆಲ್ ಅವೀವ್ ಬಳಿ ಬಂದು ಪ್ರಧಾನಿ ಗೋಲ್ಡಾ ಮೇಯರ್ ಅವರನ್ನು ಕಂಡರು. ಸಿರಿಯಾದ ಸೇನೆ ಮುನ್ನುಗ್ಗುವ ಸ್ಥಾನಗಳಿಗೆ ಬಂದು ನಿಂತಿದೆ ಅಂದರು. ಈಜಿಪ್ಟ್ ಬಿಟ್ಟು ಬರುತ್ತಾರೆಯೇ ಅಂತ ಗೋಲ್ಡಾ ಕೇಳಿದರೆ, ಇಬ್ಬರೂ ಕೂಡಿಯೇ ಬರುತ್ತಾರೆ ಅನ್ನುವ ಧಾಟಿಯಲ್ಲಿ ಉತ್ತರಿಸಿದರು. ಯುದ್ಧದಲ್ಲಿರುವ ನೆರೆ ದೇಶದ ರಾಜನೇ ಬಂದು ಹೇಳಿ ಹೋದದ್ದು! ಇದರಲ್ಲಿ ಹೊಸತೇನಿಲ್ಲ ಅಂತ ತಜ್ಞರು ಸಮಾಧಾನ ಹೇಳಿದರು. ಗೋಲ್ಡಾ ಯುರೋಪಿಗೆ ಹೊರಟರು. ಆಸ್ಟ್ರಿಯಾದಲ್ಲಿ ಯಹೂದಿ ವಲಸಿಗರನ್ನು ಒತ್ತೆ ಹಿಡಿದ ಗಲಾಟೆಯೇ ಆ ವಾರದ ದೊಡ್ಡ ಚಿಂತೆಯಾಯಿತು.

ಇಲ್ಲಿ ಒಬ್ಬ ಹುಡುಗನ ಬಗ್ಗೆ ಹೇಳಲೇಬೇಕು. ದಕ್ಷಿಣ ಕಮಾಂಡಿನಲ್ಲಿ ಬಿನ್ಯಾಮಿನ್ ಸಿಮಾನ್ ತೋವ್ ಅಂತ ಒಬ್ಬ ಲೆಫ್ಟಿನೆಂಟ್ ಇದ್ದ. ಅತ್ತ ಕಡೆ ಯಾವ ಪಡೆ ಎಲ್ಲಿ ಕೂತಿದೆ ಅಂತ ಲೆಕ್ಕ ಇಡುವುದು ಅವನ ಕೆಲಸ. ಕಾಲುವೆಯಾಚೆ ನಡೆಯುತ್ತಿರುವುದು ಸೇನಾ ಕವಾಯತು ಅಂತ ಈಜಿಪ್ಟ್ ಹೇಳುತ್ತಿತ್ತು, ಅಮಾನ್ ನಂಬಿತ್ತು. ಕವಾಯತಿಗೆ ಇಷ್ಟೆಲ್ಲ ಸಾಮಾನು ದಡಕ್ಕೆ ಯಾಕೆ ಬರಬೇಕು ಅನ್ನುವುದು ಇವನ ಪ್ರಶ್ನೆ. ಅಕ್ಟೋಬರ್ 1ರಂದು ಒಂದು ವರದಿ ಬರೆದ, ಕವಾಯತು ಬರೀ ಮುಸುಕು, ಒಳಗೆ ಯುದ್ಧದ ತಯಾರಿ ಇದೆ ಅಂತ. 3ರಂದು ಮತ್ತೊಂದು ಬರೆದ. ಅವನ ಮೇಲಧಿಕಾರಿ ಎರಡನ್ನೂ ಮೇಲಕ್ಕೆ ಕಳಿಸಲೇ ಇಲ್ಲ. ತಿಂಗಳುಗಳು ಕಳೆದು ವಿಚಾರಣಾ ಆಯೋಗದ ಮುಂದೆ ವಿಷಯ ಬಂದಾಗಲೇ ಅಂಥ ವರದಿಗಳಿದ್ದವು ಅನ್ನುವುದು ದೊಡ್ಡವರಿಗೆ ತಿಳಿದದ್ದು. ಆಫೀಸುಗಳಲ್ಲಿ ಕೆಲಸ ಮಾಡಿದ ಯಾರಿಗಾದರೂ ಈ ಕತೆ ಓದಿದರೆ ಹೊಟ್ಟೆ ಹಿಂಡುತ್ತದೆ. ಕಿರಿಯ ಬರೆದ ನೋಟ್ ಅಂದರೆ ಓದುವ ಮೊದಲೇ ಅದರ ಬೆಲೆ ಕಟ್ಟಿರುತ್ತಾರೆ.

ಅಕ್ಟೋಬರ್ 4ರ ರಾತ್ರಿಯಿಂದ ಸೋವಿಯತ್ ವಿಮಾನಗಳು ಬಂದು ಈಜಿಪ್ಟ್, ಸಿರಿಯಾದಲ್ಲಿದ್ದ ತಮ್ಮ ಸಲಹೆಗಾರರ ಹೆಂಡತಿ ಮಕ್ಕಳನ್ನು ತುಂಬಿಕೊಂಡು ಹೊರಟವು. ಹೆಂಡತಿ ಮಕ್ಕಳನ್ನು ಯಾರಾದರೂ ಕವಾಯತಿಗೆ ಹೆದರಿ ಸಾಗಿಸುತ್ತಾರೆಯೇ? 5ರಂದು ಅಮಾನ್ ಒಂದು ವರದಿ ಹೊರಡಿಸಿತು. ಪ್ಯಾರಾ ಮೇಲೆ ಪ್ಯಾರಾ ಯುದ್ಧದ ಲಕ್ಷಣಗಳನ್ನು ನಿಷ್ಠೆಯಿಂದ ಪಟ್ಟಿಮಾಡಿ, ಕೊನೆಗೆ 40ನೇ ಪ್ಯಾರಾದಲ್ಲಿ, ಆದರೂ ಯುದ್ಧದ ಸಂಭವ ಕಡಿಮೆ ಅಂತ ಬರೆಯಿತು. ಕಣ್ಣು ಎಲ್ಲವನ್ನೂ ಕಂಡಿತ್ತು, ಬುದ್ಧಿ ಒಪ್ಪಲಿಲ್ಲ. ಅದೇ ರಾತ್ರಿ ಲಂಡನ್ನಿನಲ್ಲಿ ಮೊಸ್ಸಾದ್ ಮುಖ್ಯಸ್ಥ ಝ್ವಿ ಝಮೀರ್ ಅವರನ್ನು ಭೇಟಿಯಾದ ಮರ್ವಾನ್, ನಾಳೆಯೇ ಯುದ್ಧ ಅಂದ. ಸುದ್ದಿ ಇಸ್ರೇಲ್ ಮುಟ್ಟಿದಾಗ 6ನೇ ತಾರೀಖಿನ ನಸುಕು, ಯಹೂದಿಗಳ ಉಪವಾಸದ ದಿನವಾದ ಯೋಮ್ ಕಿಪ್ಪೂರ್. ಸೂರ್ಯಾಸ್ತದ ಹೊತ್ತಿಗೆ ದಾಳಿ ಅಂತ ಲೆಕ್ಕ ಹಾಕಿದರು. ದಾಳಿ ಮಧ್ಯಾಹ್ನ ಎರಡಕ್ಕೇ ಬಂತು.

ಆ ಬೆಳಿಗ್ಗೆ ಸುಯೆಜ್ ಕಾಲುವೆಯ ಪಶ್ಚಿಮ ದಡದಲ್ಲಿ ಈಜಿಪ್ಟಿನ ಕೆಲವು ಸೈನಿಕರನ್ನು ಒಂದು ವಿಶೇಷ ಕೆಲಸಕ್ಕೆ ಬಿಟ್ಟಿದ್ದರು. ಹೆಲ್ಮೆಟ್ ಇಲ್ಲದೆ ಅಡ್ಡಾಡುವುದು, ಈಜುವುದು, ಗಾಳ ಹಾಕುವುದು, ಕಿತ್ತಳೆ ಸುಲಿದು ತಿನ್ನುವುದು. ಎದುರು ದಡದ ಬಾರ್ ಲೆವ್ ಕೋಟೆಸಾಲಿನಲ್ಲಿ ಸುಮಾರು 450 ಮಂದಿ ಇಸ್ರೇಲಿ ಮೀಸಲು ಸೈನಿಕರಿದ್ದರು. ಅವರ ಕಣ್ಣಿಗೆ ಬಿದ್ದದ್ದು ಈ ಕಿತ್ತಳೆ. ಕಾಲುವೆಯಂಚಿಗೆ ಇಸ್ರೇಲ್ ಎಬ್ಬಿಸಿದ್ದ ದೊಡ್ಡ ಮರಳುದಿಬ್ಬವನ್ನು ಒಡೆಯಲು ಸ್ಫೋಟಕ ಬಳಸಿದರೆ ತುಂಬ ಹೊತ್ತು ಹಿಡಿಯುತ್ತಿತ್ತು. ಅಸ್ವಾನ್ ಅಣೆಕಟ್ಟೆಯ ಕೆಲಸದಲ್ಲಿದ್ದು ಬಂದ ಬಾಕಿ ಝಕಿ ಯೂಸುಫ್ ಅನ್ನುವ ಎಂಜಿನಿಯರ್ ಅಧಿಕಾರಿ, ನೀರು ಹಾಯಿಸಿ ಕರಗಿಸೋಣ ಅಂದಿದ್ದ. ಬ್ರಿಟನ್ನಿಂದಲೂ ಪಶ್ಚಿಮ ಜರ್ಮನಿಯಿಂದಲೂ ತರಿಸಿದ ಪಂಪುಗಳು ಕಾಲುವೆಯ ನೀರನ್ನೇ ಎತ್ತಿ ಕೆಲವೇ ಗಂಟೆಗಳಲ್ಲಿ ಆ ದಿಬ್ಬದಲ್ಲಿ ದಾರಿಗಳನ್ನು ಕೊರೆದವು. ಗದ್ದೆಯ ಬದು ಹಾಳಾಗುವುದು ಹೇಗೆ ಅಂತ ತಿಳಿದ ಯಾವ ರೈತನಿಗೂ ಇದು ಹೊಳೆಯುವ ಉಪಾಯ. ಎದುರಿನವನಿಗೂ ತಲೆ ಇದೆ ಅನ್ನುವುದನ್ನು ಮಾತ್ರ ಇಸ್ರೇಲ್ ಮರೆತಿತ್ತು.

ಯುದ್ಧದ ವಿವರಕ್ಕೆ ಹೋಗುವುದಿಲ್ಲ. ಇಸ್ರೇಲ್ ಚೇತರಿಸಿಕೊಂಡಿತು, ಕಾಲುವೆ ದಾಟಿ ಆಚೆ ದಡಕ್ಕೂ ಹೋಯಿತು. ಸತ್ತ ಇಸ್ರೇಲಿ ಸೈನಿಕರು 2,600ಕ್ಕೂ ಹೆಚ್ಚು. ಈಜಿಪ್ಟ್, ಸಿರಿಯಾ ಕಡೆ ಅದರ ಹಲವು ಪಟ್ಟು.

ಗೋಲ್ಡಾ ಬಗ್ಗೆ ನನಗೆ ಎರಡು ಮನಸ್ಸಿದೆ. ಆ ಶನಿವಾರ ಬೆಳಿಗ್ಗೆ ಎಷ್ಟು ಮೀಸಲು ಪಡೆ ಕರೆಯಬೇಕು ಅಂತ ಸೇನಾ ಮುಖ್ಯಸ್ಥ ಡೇವಿಡ್ ಎಲಜಾರ್, ರಕ್ಷಣಾ ಮಂತ್ರಿ ಮೋಶೆ ದಯಾನ್ ಇಬ್ಬರೂ ವಾದಕ್ಕೆ ಬಿದ್ದಾಗ, ಯುದ್ಧವಿದ್ಯೆ ಕಲಿಯದ ಆ 75 ವರ್ಷದ ಹೆಂಗಸು ಎಲಜಾರ್ ಮಾತಿಗೆ ಹೂಂ ಅಂದದ್ದು ಸರಿಯಾಗಿತ್ತು. ಶುಕ್ರವಾರವೇ ತನ್ನ ಮನಸ್ಸು ಹೇಳಿದ್ದನ್ನು ಕೇಳಿ ಕರೆಯಲಿಲ್ಲವಲ್ಲ ಅನ್ನುವ ಕೊರಗನ್ನು ಅವರು ಮುಂದೆ ಬರೆದೂ ಇಟ್ಟರು. ಆದರೆ ಇನ್ನೊಂದು ಲೆಕ್ಕ ಇದೆ. ಅದನ್ನು ನಾನು ಸುಲಭಕ್ಕೆ ಕ್ಷಮಿಸಲಾರೆ. 1971ರ ಫೆಬ್ರವರಿಯಲ್ಲಿ ಸಾದಾತ್, ವಿಶ್ವಸಂಸ್ಥೆಯ ರಾಯಭಾರಿ ಗುನ್ನಾರ್ ಯಾರಿಂಗ್ ಅವರಿಗೆ ಲಿಖಿತವಾಗಿ ಹೇಳಿದ್ದರು, ಇಸ್ರೇಲ್ ಹಿಂದೆ ಸರಿದರೆ ಅದರ ಜೊತೆ ಶಾಂತಿ ಒಪ್ಪಂದಕ್ಕೆ ಸಿದ್ಧ ಅಂತ. ಯಾವ ಅರಬ್ ನಾಯಕನೂ ಅಲ್ಲಿಯವರೆಗೆ ಬಾಯಿಬಿಟ್ಟು ಹೇಳದ ಮಾತು. 1967ರ ಹಿಂದಿನ ಗಡಿಗೆ ಮರಳುವುದಿಲ್ಲ ಅಂತ ಇಸ್ರೇಲ್ ಉತ್ತರ ಕೊಟ್ಟಿತು. ಸಿನಾಯ್‌ನ ತುದಿಯಲ್ಲಿರುವ ಶರ್ಮ್ ಅಲ್ ಶೇಖ್ ಇಲ್ಲದ ಶಾಂತಿಗಿಂತ ಶಾಂತಿ ಇಲ್ಲದ ಶರ್ಮ್ ಅಲ್ ಶೇಖೇ ಮೇಲು ಅಂತ ದಯಾನ್ ಅಂದರು. ಆ ಪ್ರಸ್ತಾವ ಒಪ್ಪಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಇವನು ನಿಜಕ್ಕೂ ಏನು ಹೇಳುತ್ತಿದ್ದಾನೆ ಅಂತ ಕೂತು ಮಾತಾಡಿ ನೋಡುವಷ್ಟಾದರೂ ತಾಳ್ಮೆ ತೋರಿಸಬಹುದಿತ್ತು. ಯುದ್ಧವನ್ನು ನಂಬದ ಕಿವಿಯೇ ಅದಕ್ಕೆ ಎರಡೂವರೆ ವರ್ಷ ಮೊದಲು ಶಾಂತಿಯನ್ನೂ ನಂಬಿರಲಿಲ್ಲ.

ಇಸ್ರೇಲಿನ ಒಂದು ಗುಣವನ್ನು ಮೆಚ್ಚಲೇಬೇಕು. ಯುದ್ಧ ನಿಂತ ತಿಂಗಳೊಳಗೆ ಸುಪ್ರೀಂ ಕೋರ್ಟಿನ ಅಧ್ಯಕ್ಷ ಶಿಮೋನ್ ಅಗ್ರನಾತ್ ನೇತೃತ್ವದಲ್ಲಿ ವಿಚಾರಣಾ ಆಯೋಗ ಬಂತು. ಎಲಜಾರ್, ಝೈರಾ ಮತ್ತಿತರ ಸೇನಾಧಿಕಾರಿಗಳ ತಲೆದಂಡವಾಯಿತು. ರಾಜಕಾರಣಿಗಳ ಮೇಲೆ ಆಯೋಗ ಹೊಣೆ ಹೊರಿಸಲಿಲ್ಲ. ಆದರೆ ಜನ ಹೊರಿಸಿದರು. ಮೋತಿ ಅಷ್ಕೆನಾಜಿ ಅನ್ನುವ ಮೀಸಲು ಸೇನಾ ಅಧಿಕಾರಿ, ಬಾರ್ ಲೆವ್ ಸಾಲಿನಲ್ಲಿ ಶತ್ರುವಿನ ಕೈಗೆ ಬೀಳದೆ ಉಳಿದ ಒಂದೇ ಕೋಟೆಯನ್ನು ಕಾದವನು, ಪ್ರಧಾನಿ ಕಚೇರಿಯ ಮುಂದೆ ಒಬ್ಬನೇ ಬಂದು ಕೂತ. ಅವನ ಹಿಂದೆ ಸಾವಿರಾರು ಮಂದಿ ಬಂದರು. 1974ರ ಏಪ್ರಿಲ್‌ನಲ್ಲಿ ಗೋಲ್ಡಾ ರಾಜೀನಾಮೆ ಕೊಟ್ಟರು. ಎಲಜಾರ್ ಎರಡು ವರ್ಷದಲ್ಲಿ ಹೃದಯಾಘಾತದಿಂದ ತೀರಿಕೊಂಡರು, 50 ವರ್ಷಕ್ಕೇ.

ಈಗ ಎರಡನೇ ಸಲ. 1977ರ ನವೆಂಬರ್ 9ರಂದು ಸಾದಾತ್ ತಮ್ಮ ಸಂಸತ್ತಿನಲ್ಲಿ ನಿಂತು, ಶಾಂತಿಗಾಗಿ ಇಸ್ರೇಲಿನ ಸಂಸತ್ತಾದ ನೆಸೆಟ್‌ಗೂ ಹೋಗಲು ಸಿದ್ಧ ಅಂದರು. ಕೂತಿದ್ದವರು ಭಾಷಣದ ಅಲಂಕಾರ ಅಂದುಕೊಂಡು ಚಪ್ಪಾಳೆ ತಟ್ಟಿದರು. ಇಸ್ರೇಲಿನ ಸೇನಾ ಮುಖ್ಯಸ್ಥ ಮೊರ್ದೆಖಾಯ್ ಗೂರ್ ಪತ್ರಿಕೆಯೊಂದಕ್ಕೆ, ಇದು ಮತ್ತೊಂದು 1973 ಇರಬಹುದು, ಮೋಸದ ಆಟ ಅಂತ ಎಚ್ಚರಿಸಿದರು. ಹತ್ತು ದಿನಕ್ಕೆ, ನವೆಂಬರ್ 19ರ ಶನಿವಾರ ಸಂಜೆ, ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಮುಗಿಯುತ್ತಿದ್ದಂತೆ ಸಾದಾತ್ ವಿಮಾನ ಬೆನ್ ಗುರಿಯನ್ ನಿಲ್ದಾಣದಲ್ಲಿ ಇಳಿಯಿತು. ಸಾಲಾಗಿ ನಿಂತವರ ಕೈಕುಲುಕುತ್ತ ಬಂದ ಸಾದಾತ್ ಗೂರ್ ಮುಂದೆ ನಿಂತು, ನೋಡಿ, ನಾನು ಮೋಸ ಮಾಡುತ್ತಿರಲಿಲ್ಲ ಅಂದರಂತೆ. ಮರುದಿನ ನೆಸೆಟ್‌ನಲ್ಲಿ ಮಾತಾಡುತ್ತ, ನಮ್ಮಿಬ್ಬರ ನಡುವಿನ ಮನಸ್ಸಿನ ಗೋಡೆಯೇ ಈ ಸಮಸ್ಯೆಯ ನೂರಕ್ಕೆ 70 ಪಾಲು ಅಂದರು.

1973ರಲ್ಲಿ ಯುದ್ಧ ಬರುವುದಿಲ್ಲ ಅಂತ ನಂಬಿ ಕೆಟ್ಟವರು 1977ರಲ್ಲಿ ಯುದ್ಧವೇ ಬರುತ್ತಿದೆ ಅಂತ ಹೆದರಿದರು. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿದ ಹಾಗೆ. ಟ್ಯಾಂಕು ಎಣಿಸುವವರಿಗೆ ಟ್ಯಾಂಕೇ ಕಾಣುತ್ತದೆ, ಒಬ್ಬ ಮನುಷ್ಯನ ಮನಸ್ಸು ತಿರುಗಿದ್ದು ಯಾವ ದುರ್ಬೀನಿನಲ್ಲೂ ಕಾಣುವುದಿಲ್ಲ. ಅದಕ್ಕೆ ನಾಯಕರೇ ಬೇಕು. ಈ ಸಲ ಪ್ರಧಾನಿ ಮೆನಾಹೆಮ್ ಬೆಗಿನ್, ಬಲಪಂಥದ ಕಟ್ಟಾಳು, ಬಾಗಿಲು ತೆಗೆದರು. ವಿದೇಶಾಂಗ ಮಂತ್ರಿಯಾಗಿ ಮೊರಾಕ್ಕೊದಲ್ಲಿ ಈಜಿಪ್ಟಿನ ದೂತನನ್ನು ಗುಟ್ಟಾಗಿ ಕಂಡು ದಾರಿ ಹದಮಾಡಿ ಬಂದವರು ಯಾರು? ಅದೇ ದಯಾನ್, ಶರ್ಮ್ ಅಲ್ ಶೇಖ್ ಬಿಡುವುದಿಲ್ಲ ಅಂದವರು. ಮನುಷ್ಯರ ಮೇಲೆ ನನಗಿರುವ ನಂಬಿಕೆಗೆ ಇಂಥ ಒಂದೆರಡು ತಿರುವುಗಳೇ ಆಧಾರ.

ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ 1978ರ ಸೆಪ್ಟೆಂಬರ್ 5ರಿಂದ 17ರವರೆಗೆ ನಡೆದದ್ದನ್ನು ನಾನು ಎಷ್ಟು ಸಲ ಓದಿದ್ದೇನೋ. ಮೊದಲ ಮೂರು ದಿನ ಸಾದಾತ್, ಬೆಗಿನ್ ಎದುರುಬದುರು ಕೂತು ಜಗಳವಾಡಿದರು. ಆಮೇಲೆ ಇಬ್ಬರನ್ನೂ ದೂರವಿಟ್ಟು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಆ ಕ್ಯಾಬಿನ್ನಿಂದ ಈ ಕ್ಯಾಬಿನ್ನಿಗೆ ಕರಡು ಹೊತ್ತು ಓಡಾಡಿದರು. ಕೊನೆಯ ದಿನ ಜೆರುಸಲೇಮ್ ವಿಚಾರದ ಒಂದು ಪತ್ರಕ್ಕೆ ಎಲ್ಲ ಮುರಿದುಬೀಳುವ ಹಾಗಾಯಿತು. ಬೆಗಿನ್ ಹೊರಟು ನಿಂತಿದ್ದರು. ಮೊಮ್ಮಕ್ಕಳಿಗೆ ಕೊಡಲು ಮೂವರೂ ಇರುವ ಫೋಟೊಗೆ ಸಹಿ ಬೇಕು ಅಂತ ಅವರು ಕೇಳಿದ್ದರು. ಕಾರ್ಟರ್ ಒಂದೊಂದು ಫೋಟೊ ಮೇಲೂ ಒಂದೊಂದು ಮಗುವಿನ ಹೆಸರು ಬರೆದು, ತಾವೇ ಅವರ ಕ್ಯಾಬಿನ್ನಿಗೆ ಒಯ್ದು ಕೊಟ್ಟರು. ಬೆಗಿನ್ ಹೆಸರುಗಳನ್ನು ಒಂದೊಂದಾಗಿ ಓದುತ್ತ ಹೋದಂತೆ ಗಂಟಲು ಕಟ್ಟಿತು. ಮೊಮ್ಮಕ್ಕಳ ಮಾತು ಬಂತು, ಯುದ್ಧದ ಮಾತು ಬಂತು. ಅಂದೇ ಒಪ್ಪಂದವಾಯಿತು. ಇದು ಬರೀ ಫೋಟೊದಿಂದ ಆದದ್ದಲ್ಲ, ಹದಿಮೂರು ದಿನದ ಬೆವರು ಅದರ ಹಿಂದಿತ್ತು. ಆದರೂ ಆ ಹೆಸರುಗಳನ್ನು ಕೇಳಿ ತಿಳಿದು ಬರೆಯಬೇಕು ಅಂತ ಹೊಳೆಯುವುದಕ್ಕೆ ಎದುರಿನವನನ್ನು ಮನುಷ್ಯನೆಂದು ಕಂಡಿರಬೇಕು.

ಬೆಲೆ ಇಬ್ಬರೂ ತೆತ್ತರು. ನೆಸೆಟ್‌ನಲ್ಲಿ ಒಪ್ಪಂದ 84-19 ಮತಗಳಿಂದ ಗೆದ್ದಾಗ ಬೆಗಿನ್ ಸ್ವಂತ ಪಕ್ಷದ ಹಲವರು ಅವರ ಜೊತೆ ಇರಲಿಲ್ಲ. ಈಜಿಪ್ಟಿಗೆ ಮರಳಿಸಿದ ಸಿನಾಯ್‌ನಲ್ಲಿದ್ದ ಯಮೀತ್ ಎಂಬ ಊರನ್ನು ಇಸ್ರೇಲೇ ತನ್ನ ಜನರನ್ನು ಎಬ್ಬಿಸಿ ನೆಲಸಮ ಮಾಡಿತು. ಈಜಿಪ್ಟನ್ನು ಅರಬ್ ಲೀಗ್ ಹೊರಹಾಕಿತು. ಸಾದಾತ್ ಅವರ ವಿದೇಶಾಂಗ ಮಂತ್ರಿಗಳು ಒಬ್ಬರಾದ ಮೇಲೊಬ್ಬರು ಬಿಟ್ಟು ಹೋದರು. ಸಾದಾತ್ ದೇವತಾಪುರುಷರಲ್ಲ. 1981ರ ಸೆಪ್ಟೆಂಬರ್‌ನಲ್ಲಿ ಸಾವಿರದೈನೂರಕ್ಕೂ ಹೆಚ್ಚು ವಿರೋಧಿಗಳನ್ನು ಜೈಲಿಗೆ ತಳ್ಳಿದ್ದರು. ಅಕ್ಟೋಬರ್ 6ರಂದು, ಕಾಲುವೆ ದಾಟಿದ ದಿನದ ವಿಜಯೋತ್ಸವದ ಪಥಸಂಚಲನದಲ್ಲಿ, ಸಮವಸ್ತ್ರದಲ್ಲಿದ್ದ ತಮ್ಮವರ ಗುಂಡಿಗೇ ಬಲಿಯಾದರು. 1979ರ ಮಾರ್ಚ್ 26ರ ಆ ಶಾಂತಿ ಒಪ್ಪಂದ ಮಾತ್ರ ಲೆಬನಾನ್ ಯುದ್ಧಗಳನ್ನೂ ಈಚಿನ ಗಾಜಾ ಯುದ್ಧವನ್ನೂ ದಾಟಿ ಉಳಿದಿದೆ.

ಅದರ ಹುಳುಕನ್ನೂ ಹೇಳಬೇಕು. ಪ್ಯಾಲೆಸ್ತೀನಿಯರ ಸ್ವಯಮಾಡಳಿತದ ಬಗ್ಗೆ ಕ್ಯಾಂಪ್ ಡೇವಿಡ್‌ನಲ್ಲಿ ಬರೆದದ್ದು ಕಾಗದದಲ್ಲೇ ಉಳಿಯಿತು. ಆ ಮಾತುಕತೆಗೆ ಅವರನ್ನು ಕರೆದೇ ಇರಲಿಲ್ಲ. ಅವರ ಪಾಲಿಗೆ ಆ ಶಾಂತಿ ತಮ್ಮನ್ನು ಬಿಟ್ಟು ಮಾಡಿಕೊಂಡ ರಾಜಿ. 1993ರಲ್ಲಿ ಇಸ್ರೇಲ್ ಪ್ರಧಾನಿ ಯಿತ್ಝಾಕ್ ರಾಬಿನ್, ಪ್ಯಾಲೆಸ್ತೀನಿಯರ ನಾಯಕ ಯಾಸರ್ ಅರಾಫತ್ ಕೈಕುಲುಕಿದಾಗ ಅದು ಸರಿಹೋಗಬಹುದು ಅನ್ನಿಸಿತ್ತು. 1995ರ ನವೆಂಬರ್ 4ರಂದು ರಾಬಿನ್‌ರನ್ನು ಕೊಂದವನು ಯಹೂದಿಯೇ. ಅಂಥ ಒಬ್ಬನಿದ್ದಾನೆ ಅನ್ನುವ ಸುಳಿವು ಚಹರೆ ಸಮೇತ ತಿಂಗಳುಗಳ ಮೊದಲೇ ಆಂತರಿಕ ಭದ್ರತಾ ಸಂಸ್ಥೆ ಶಿನ್ ಬೆತ್‌ಗೆ ಬಂದಿತ್ತು. ನಮ್ಮವನೊಬ್ಬ ಪ್ರಧಾನಿಯನ್ನು ಕೊಂದಾನೆಂದು ಯಾರ ಮನಸ್ಸೂ ಒಪ್ಪಲಿಲ್ಲ.

ಮತ್ತೆ 2023. ಗಾಜಾ ಗಡಿಯ ನಹಾಲ್ ಓಜ್ ಠಾಣೆಯಲ್ಲಿ ಹತ್ತೊಂಬತ್ತು ಇಪ್ಪತ್ತರ ಹುಡುಗಿಯರು ಪಾಳಿಯಲ್ಲಿ ಕೂತು ಪರದೆ ನೋಡುವ ಕೆಲಸ ಮಾಡುತ್ತಿದ್ದರು. ಎದುರಿನ ಹೊಲದಲ್ಲಿ ದಿನಾ ಯಾವ ರೈತ ಎಷ್ಟು ಹೊತ್ತಿಗೆ ಬರುತ್ತಾನೆ ಅನ್ನುವುದೂ ಅವರಿಗೆ ಗೊತ್ತು. ಹೊಸ ಮುಖಗಳು ಬೇಲಿ ಹತ್ತಿರ ಬರುತ್ತಿವೆ, ತರಬೇತಿ ನಡೆಯುತ್ತಿದೆ ಅಂತ ಅವರು ತಿಂಗಳುಗಟ್ಟಲೆ ಹೇಳಿದರು. ಹಮಾಸ್ ದಾಳಿಯ ಸುಮಾರು 40 ಪುಟದ ಯೋಜನೆ ವರ್ಷಕ್ಕೂ ಮೊದಲೇ ಇಸ್ರೇಲಿನ ಕೈ ಸೇರಿತ್ತು. ಹಮಾಸ್ ಕವಾಯತು ಆ ಯೋಜನೆಗೆ ತಾಳೆಯಾಗುತ್ತಿದೆ ಅಂತ ಸೇನಾ ಗುಪ್ತಚರ ವಿಭಾಗದ 8200 ಘಟಕದ ಒಬ್ಬ ವಿಶ್ಲೇಷಕಿ ಜುಲೈಯಲ್ಲಿ ಬರೆದರೆ, ಕರ್ನಲ್ ದರ್ಜೆಯ ಅಧಿಕಾರಿ ಅದು ಬರೀ ಕಲ್ಪನೆ ಅಂದರು. ಹಮಾಸ್ ತನ್ನ ತಾಲೀಮಿನ ವಿಡಿಯೊಗಳನ್ನು ತಾನೇ ಊರಿಗೆಲ್ಲ ತೋರಿಸಿತ್ತು. ಹಮಾಸ್‌ಗೆ ಈಗ ಯುದ್ಧ ಬೇಡ, ಗಾಜಾದವರಿಗೆ ಇಸ್ರೇಲಿನಲ್ಲಿ ಕೆಲಸದ ಪರವಾನಗಿ, ಕತಾರಿನ ಹಣ ಸಾಕು ಅನ್ನುವುದು ಈ ಕಾಲದ ಕಾನ್ಸೆಪ್ಸಿಯಾ. ನಹಾಲ್ ಓಜ್‌ನಲ್ಲಿ ಆ ಹುಡುಗಿಯರಲ್ಲಿ 15 ಮಂದಿ ಸತ್ತರು, 7 ಮಂದಿಯನ್ನು ಹೊತ್ತೊಯ್ದರು. ಅಂದು ಇಸ್ರೇಲಿನಲ್ಲಿ ಸತ್ತವರು ಸುಮಾರು 1,200. ಅದರ ಬೆನ್ನಿಗೇ ಶುರುವಾದ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರು ಅಲ್ಲಿನ ಆರೋಗ್ಯ ಸಚಿವಾಲಯದ ಪ್ರಕಾರ 60,000ಕ್ಕೂ ಹೆಚ್ಚು. ಅವರಲ್ಲಿದ್ದ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಬರೆಯಲು ಯಾರು ಕೂತಾರು?

ಗೋಲ್ಡಾ ಕಾಲದಲ್ಲಿ ತಿಂಗಳೊಳಗೆ ಬಂದ ವಿಚಾರಣಾ ಆಯೋಗ ಈ ಸಲ ಎರಡು ವರ್ಷ ಕಳೆದರೂ ಬರಲಿಲ್ಲ. ಅಂಥ ಆಯೋಗ ಬೇಕು ಅಂತ ಮಕ್ಕಳನ್ನು ಕಳೆದುಕೊಂಡವರು ಬೀದಿಯಲ್ಲಿ ನಿಂತು ಕೇಳುತ್ತಿದ್ದರೂ ಸರ್ಕಾರ ಒಪ್ಪಲಿಲ್ಲ. ಇದು ನನಗೆ ಹಮಾಸ್ ಯೋಜನೆಯನ್ನು ಅಲ್ಲಗಳೆದ ಕರ್ನಲ್‌ಗಿಂತ ದೊಡ್ಡ ತಪ್ಪಾಗಿ ಕಾಣುತ್ತದೆ. ಆ ಕರ್ನಲ್ ಕೇಳಿಸಿಕೊಂಡು ನಂಬಲಿಲ್ಲ. ಇವರಿಗೆ ಕೇಳಿಸಿಕೊಳ್ಳುವುದೇ ಬೇಡ.

ಕೊನೆಗೆ ಇನ್ನೊಂದು ಸಂಗತಿ ಹೇಳಿ ನಿಲ್ಲಿಸುತ್ತೇನೆ. 2002ರ ಮಾರ್ಚ್ ಕೊನೆಗೆ ಬೈರೂತ್‌ನಲ್ಲಿ ಸೇರಿದ ಅರಬ್ ಲೀಗ್, 1967ರ ಗಡಿಗೆ ಹಿಂದಿರುಗಿದರೆ, ಪ್ಯಾಲೆಸ್ತೀನ್ ರಾಜ್ಯಕ್ಕೆ ಒಪ್ಪಿದರೆ, ನಿರಾಶ್ರಿತರ ಪ್ರಶ್ನೆಗೆ ಒಪ್ಪಿತ ಪರಿಹಾರ ಸಿಕ್ಕರೆ, ನಾವೆಲ್ಲರೂ ಇಸ್ರೇಲಿನ ಜೊತೆ ಸಹಜ ಸಂಬಂಧಕ್ಕೆ ಸಿದ್ಧ ಅಂತ ನಿರ್ಣಯ ಮಾಡಿತು. ಸಾದಾತ್ ಮಾಡಿದ್ದಕ್ಕೆ ಈಜಿಪ್ಟನ್ನು ಹೊರಹಾಕಿದ್ದ ಅದೇ ಅರಬ್ ಲೀಗ್. ಅದೇ ದಿನಗಳಲ್ಲಿ ಹಮಾಸ್‌ನ ಆತ್ಮಾಹುತಿ ಬಾಂಬರ್ ಒಬ್ಬ ನೆತನ್ಯಾದ ಹೋಟೆಲಿನಲ್ಲಿ ಪಾಸ್‌ಓವರ್ ಹಬ್ಬದ ಊಟಕ್ಕೆ ಕೂತಿದ್ದ 30 ಜನರನ್ನು ಕೊಂದ. ಇಸ್ರೇಲಿನ ಟ್ಯಾಂಕುಗಳು ಪಶ್ಚಿಮ ದಂಡೆಯ ಊರುಗಳಿಗೆ ನುಗ್ಗಿದವು. ಆ ಹೊಗೆಯಲ್ಲಿ ನಿರ್ಣಯವನ್ನು ಓದಿ ನೋಡುವವರೇ ಇರಲಿಲ್ಲ. 2007ರಲ್ಲಿ ರಿಯಾದ್‌ನಲ್ಲಿ ಅರಬ್ ಲೀಗ್ ಅದನ್ನೇ ಮತ್ತೊಮ್ಮೆ ಹೇಳಿತು. ಇಸ್ರೇಲಿನ ಯಾವ ಸಂಪುಟವೂ ಈವರೆಗೆ ಅದನ್ನು ಒಪ್ಪಿಕೊಂಡಿಲ್ಲ.